ಹಿಂದಿನ ಸೀಟಿನವರೆಗೆ

ವರ್ನಾ ಕೊವಾಲ್‌ಗೆ ಬೆಳಗು ಎಂದರೇ ಭಯ. ಊರಿಗೆಲ್ಲ ಮೈ ಹಗುರಾಗುವ ಹೊತ್ತಿನಲ್ಲಿ ಅವಳ ಮೈ ಕೊರಡಿನಂತೆ ಬಿಗಿದಿರುತ್ತಿತ್ತು. ಬೆರಳು ಮಡಚಬೇಕಾದರೂ ಹಲ್ಲು ಕಚ್ಚಬೇಕು. ಇದಕ್ಕೆ ಫೈಬ್ರೊಮಯಾಲ್ಜಿಯ ಎಂದು ಡಾಕ್ಟರು ಹೆಸರಿಟ್ಟು ವರ್ಷಗಳಾಗಿದ್ದವು. ಮೈಯೊಳಗಿನ ಗಡಿಯಾರ ಹಳಿ ತಪ್ಪಿದೆ, ನಿದ್ದೆ ಬಂದರೂ ಆಳಕ್ಕೆ ಇಳಿಯುವುದಿಲ್ಲ, ಎಚ್ಚರವಿದ್ದರೂ ಪೂರ್ತಿ ಎಚ್ಚರವಲ್ಲ ಎಂದು ವಿವರಿಸಿದ್ದರು. ಊರಿನವರಿಗೆ ಈ ವಿವರಣೆಯೆಲ್ಲ ಬೇಕಿರಲಿಲ್ಲ. ಕೈಕಾಲು ನೆಟ್ಟಗಿವೆ, ಕೆನ್ನೆ ಕೆಂಪಗಿದೆ, ಇವಳಿಗೇನು ಧಾಡಿ ಎಂದು ಚರ್ಚಿನ ಅಡುಗೆಮನೆಯಲ್ಲಿ ಪೆರೋಗಿ ಕಡುಬಿಗೆ ಹಿಟ್ಟು ನಾದುತ್ತಲೇ ಆಡಿಕೊಳ್ಳುತ್ತಿದ್ದರು. ನೋವು ಕಣ್ಣಿಗೆ ಕಾಣದಿದ್ದರೆ ಸಾಕು, ಜನ ಎಷ್ಟು ಬೇಗ ವೈದ್ಯರಾಗಿಬಿಡುತ್ತಾರೆ!

ಗಂಡ ತಾರಾಸ್ ಮಾತ್ರ ತಮಾಷೆ ಮಾಡುತ್ತಲೇ ಹೆಗಲು ಕೊಡುತ್ತಿದ್ದ. "ಬೇರೆ ಪ್ರಾಂತದವರ ಹಾಗೆ ಚಳಿಗಾಲಕ್ಕೊಂದು ಟೈಮು, ಬೇಸಿಗೆಗೊಂದು ಟೈಮು ಅಂತ ಸಸ್ಕಾಚೆವಾನ್‌ನಲ್ಲಿ ನಾವ್ಯಾರೂ ಗಡಿಯಾರ ತಿರುಗಿಸಲ್ಲ ಕಣೇ. ನೀನೊಬ್ಳು ದಿನಾ ತಿರುಗಿಸ್ಕೋತೀಯ" ಎನ್ನುತ್ತ ಅವಳ ಬೂಟಿನ ದಾರ ಕಟ್ಟುತ್ತಿದ್ದ.

ವರ್ನಾ ಸ್ಕೂಲ್ ಬಸ್ ಓಡಿಸುತ್ತಿದ್ದಳು. ಬಸ್ಸು ಅವಳ ಅಂಗಳದಲ್ಲೇ ನಿಲ್ಲುತ್ತಿತ್ತು. ಇಂಜಿನ್ನು ಹೆಪ್ಪುಗಟ್ಟದಿರಲಿ ಎಂದು ಕರೆಂಟಿನ ವಯರನ್ನು ಕಂಬದಿಂದ ಎಳೆದು ಅದರ ಹೀಟರಿಗೆ ಸಿಕ್ಕಿಸುತ್ತಿದ್ದಳು. ಬೆಳಿಗ್ಗೆ ಕತ್ತಲಲ್ಲೇ ಹೊರಟು, ಒಂದೊಂದೇ ಹೊಲಮನೆಯ ಮುಂದೆ ನಿಂತು, ಟೋಪಿ ಕೈಗವಸುಗಳಲ್ಲಿ ಮುಳುಗಿಹೋದ ಮಕ್ಕಳನ್ನು ಹತ್ತಿಸಿಕೊಂಡು ಸ್ಕೂಲಿಗೆ ಬಿಟ್ಟು ಬರಬೇಕು. ಮತ್ತೆ ಮಧ್ಯಾಹ್ನ ಕರೆತರಬೇಕು. ಅವಳ ದಿನಕ್ಕೆ ಆಕಾರ ಅಂತ ಇದ್ದರೆ ಆ ಬಸ್ಸಿನಿಂದಲೇ. ಈ ಚಳಿಗಾಲ ಕಾಯಿಲೆ ಹೆಚ್ಚಾಗಿದೆ, ಹಗಲು ರಾತ್ರಿಯ ಲೆಕ್ಕವೇ ಸಿಗುತ್ತಿಲ್ಲ ಎಂಬುದನ್ನು ಅವಳು ಡಾಕ್ಟರಿಗೂ ಹೇಳಿರಲಿಲ್ಲ. ಹೇಳಿದರೆ ಬಸ್ಸು ಕೈತಪ್ಪುತ್ತದೆ.

ಡ್ರೈವರುಗಳಿಗೆ ಒಂದು ಕಟ್ಟಳೆಯಿತ್ತು. ಮಕ್ಕಳೆಲ್ಲ ಇಳಿದ ಮೇಲೆ ಹಿಂದಿನ ಸೀಟಿನವರೆಗೂ ನಡೆದು, ಪ್ರತಿ ಸೀಟನ್ನೂ ಬಗ್ಗಿ ನೋಡಿ, ಹಿಂದಿನ ಕಿಟಕಿಗೆ ತೂಗುಬಿಟ್ಟ ರಟ್ಟನ್ನು ಹಸಿರು ಬದಿಗೆ ತಿರುಗಿಸಬೇಕು. ಹಸಿರೆಂದರೆ ಬಸ್ಸು ಖಾಲಿ. ಮುಂದಿನ ಸಲ ಹೊರಡುವ ಮೊದಲು ಮತ್ತೆ ಹಿಂದಕ್ಕೆ ನಡೆದು ಕೆಂಪಿಗೆ ತಿರುಗಿಸಬೇಕು. ಇಂಥ ಚಳಿಯಲ್ಲಿ ನಿದ್ದೆಹೋದ ಮಗುವೊಂದು ಬಸ್ಸಿನಲ್ಲಿ ಉಳಿದುಬಿಟ್ಟರೆ ಏನಾಗುತ್ತದೆಂದು ಬಾಯಿಬಿಟ್ಟು ಹೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಆ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತ್ತು. ಮೆಟ್ಟಿಲು ಹತ್ತಿ ಡ್ರೈವರ್ ಸೀಟಿಗೆ ಬೀಳುವಷ್ಟರಲ್ಲೇ ಕಣ್ಣಲ್ಲಿ ನೀರು. ಹೊರಡುವ ಮೊದಲಿನ ನಡಿಗೆಯನ್ನು ಬಿಟ್ಟಳು. ಸ್ಕೂಲಿನ ಮುಂದೆ ಮಕ್ಕಳು ಇಳಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ರಟ್ಟು ಹಸಿರಾಗಿತ್ತು. ನಡೆದುಬಂದ ನೆನಪೂ ಚೆನ್ನಾಗಿತ್ತು. ಸೀಟುಗಳ ಸಾಲು, ಬಗ್ಗಿದಾಗ ಚುಚ್ಚಿದ ಸೊಂಟ, ಎಲ್ಲವೂ. ಬಾಗಿಲು ಮುಚ್ಚಿ ಮನೆಗೆ ಬಂದು, ವಯರು ಸಿಕ್ಕಿಸಿ, ಕೋಟು ಬೂಟಿನಲ್ಲೇ ಸೋಫಾದ ಮೇಲೆ ಉರುಳಿದಳು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಹಿಮದ ಮೇಲೆ ಓರೆಯಾಗಿ ಬಿದ್ದ ನಸುಗೆಂಪು ಬೆಳಕು. ಸಂಜೆ! ಮಕ್ಕಳನ್ನು ಕರೆತರುವ ಹೊತ್ತು ಮೀರಿಹೋಗಿದೆ. ಬಸ್ಸುಗಳ ಉಸ್ತುವಾರಿಯ ಲೈಲ್‌ಗೆ ಫೋನ್ ಹಚ್ಚಿದಳು.

"ಲೈಲ್, ಮಲಗ್ಬಿಟ್ಟೆ ಕಣೋ! ಸ್ಕೂಲ್ ಬಿಟ್ಟಿರುತ್ತೆ, ಮಕ್ಕಳು ಚಳೀಲಿ ನಿಂತಿರ್ತವೆ!"

ಲೈಲ್ ಗಹಗಹಿಸಿ ನಕ್ಕ. "ಏನ್ ತಾಯಿ, ಕನಸು ಬಿತ್ತಾ? ಇನ್ನೂ ಬೆಳಿಗ್ಗೆ. ನನ್ನ ಕಾಫಿನೇ ಮುಗಿದಿಲ್ಲ. ಮಕ್ಕಳೆಲ್ಲ ಕ್ಲಾಸಲ್ಲಿ ಬೆಚ್ಚಗೆ ಕೂತವೆ. ಆ ಜೋಸಿ ಒಬ್ಳು ಬಂದಿಲ್ವಂತೆ, ಜ್ವರಾನಾ ಅಂತ ಟೀಚರ್ ಕೇಳ್ತಿದ್ರು."

ಆದರೆ ಜೋಸಿ ಹತ್ತಿದ್ದಳು. ಈ ವರ್ಷವಷ್ಟೇ ಸ್ಕೂಲಿಗೆ ಸೇರಿದ ಪುಟ್ಟ ಹುಡುಗಿ. ಆಕಳಿಸುತ್ತ ಹಿಂದಕ್ಕೆ ಹೋಗಿದ್ದಳು. ಇಳಿದದ್ದು? ತಲೆಯೊಳಗೆ ಹುಡುಕಿದಳು. ನಡೆದುಬಂದ ನೆನಪನ್ನು ಮತ್ತೊಮ್ಮೆ ಎಳೆದು ನೋಡಿದಳು. ಅದರಲ್ಲಿ ಕಿಟಕಿಯಾಚೆ ತನ್ನದೇ ಮನೆಯ ಅಂಗಳವಿತ್ತು. ತಾರಾಸ್ ಹಿಮ ಎತ್ತಿಹಾಕುತ್ತಿದ್ದ. ಅದು ನಿನ್ನೆ ಮಧ್ಯಾಹ್ನದ ನಡಿಗೆ.

ಫೋನು ಎಲ್ಲಿ ಬಿತ್ತೋ. ಅಂಗಳದಲ್ಲಿ ಓಡಿದಳು. ನೋವು ಎಲ್ಲಿತ್ತೋ ಅವಳಿಗೇ ತಿಳಿಯದು. ದೇವರೇ, ದೇವರೇ ಎಂಬುದೊಂದೇ ಬಾಯಲ್ಲಿ. ಬಸ್ಸಿನ ಬಾಗಿಲು ತೆಗೆದರೆ ಒಳಗೆ ಸದ್ದೇ ಇಲ್ಲ. ಒಂದು ಸೀಟು, ಇನ್ನೊಂದು, ಮತ್ತೊಂದು. ಎದುರಿಗೆ ನಿನ್ನೆ ತಿರುಗಿಸಿದ್ದ ಆ ಹಸಿರು ರಟ್ಟು ಸುಳ್ಳು ಹೇಳುತ್ತ ತೂಗುತ್ತಿತ್ತು.

ಕೊನೆಯ ಸೀಟಿನಲ್ಲಿ ಜೋಸಿ ಕಾಲು ಮಡಚಿ ಕೂತಿದ್ದಳು. ತುಟಿ ಬಣ್ಣಗೆಟ್ಟಿತ್ತು. ಅಳುತ್ತಿರಲಿಲ್ಲ.

"ನಾನು ಇಳೀಲೇ ಇಲ್ಲ, ಮಿಸ್ ವರ್ನಾ" ಎಂದಳು, ಶಹಭಾಸ್ ಎನ್ನಿಸಿಕೊಳ್ಳುವವಳ ಹಾಗೆ. "ಎಚ್ಚರ ಆದಾಗ ಯಾರೂ ಇಲ್ದಿದ್ರೆ ಕೂತೇ ಇರಿ, ನಾನು ಹಿಂದಿನ ಸೀಟಿನವರೆಗೂ ಬಂದೇ ಬರ್ತೀನಿ ಅಂತ ನೀವೇ ಹೇಳಿದ್ರಲ್ಲ."

ವರ್ನಾ ಅವಳನ್ನು ಕೋಟಿನೊಳಕ್ಕೆ ಸೇರಿಸಿಕೊಂಡು ಮನೆಗೆ ಹೊತ್ತು ತಂದಳು. ಬಿಸಿಬಿಸಿ ಕೋಕೋ ಕುಡಿಸಿ, ಬೆರಳುಗಳನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗಾಗಿಸಿ, ಮಗುವಿನ ತಾಯಿಗೆ ತಾನೇ ಫೋನ್ ಮಾಡಿ ನಡೆದದ್ದನ್ನು ನಡೆದಂತೆ ಹೇಳಿದಳು. ಆ ಕಡೆಯ ಕಿರುಚಾಟವನ್ನು ಕೊನೆಯವರೆಗೂ ಕೇಳಿಸಿಕೊಂಡಳು.

ಪಿಕಪ್‌ನಲ್ಲಿ ಧಾವಿಸಿ ಬಂದ ಲೈಲ್ ಮೆಲ್ಲಗೆ ಅಂದ, "ಮಗು ಚೆನ್ನಾಗಿದೆಯಲ್ಲ ವರ್ನಾ. ಒಂದ್ಸಲ ಯಾರಿಗಾದ್ರೂ ಆಗುತ್ತೆ. ನಾನು ಮೇಲಿನವರ ಹತ್ರ ಮಾತಾಡ್ತೀನಿ ಬಿಡು."

"ನಿನ್ನೆ ಹಿಂದಿನ ಸೀಟಿನವರೆಗೆ ನಡೆದದ್ದನ್ನ ಇವತ್ತು ನಡೆದೆ ಅಂದ್ಕೊಂಡೆ ಲೈಲ್. ಇವತ್ತಿಂದನ್ನ ನಾಳೇದು ಅಂದ್ಕೋತೀನಿ" ಎಂದು ವರ್ನಾ ಬಸ್ಸಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಈಗ ಆ ಹಾದಿಯಲ್ಲಿ ಬೇರೆಯವರು ಬಸ್ ಓಡಿಸುತ್ತಾರೆ. ವರ್ನಾಳ ಅಂಗಳದ ಕಂಬದಲ್ಲಿ ವಯರು ಸುಮ್ಮನೆ ಸುತ್ತಿಕೊಂಡಿದೆ. ಅವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾಗುತ್ತದೆ. ಮುಂಜಾನೆಯೋ ಸಂಜೆಯೋ ತಿಳಿಯುವ ಮೊದಲೇ ಭಯ ತಿಳಿಯುತ್ತದೆ. ಎದ್ದು ಬಾಗಿಲಿಗೆ ಬರುತ್ತಾಳೆ. ತಾರಾಸ್ ಈಗ ತಮಾಷೆ ಮಾಡದೆ ಬಗ್ಗಿ ಬೂಟಿನ ದಾರ ಕಟ್ಟುತ್ತಾನೆ. ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಅವಳು ಕಂಬದಿಂದ ಶುರುಮಾಡಿ, ಅಲ್ಲಲ್ಲಿ ಬಗ್ಗಿ ನೋಡುತ್ತ, ಹಿಂದಿನ ಸೀಟು ಇರುತ್ತಿದ್ದ ಕಡೆಯವರೆಗೂ ಹಿಮದಲ್ಲಿ ನಡೆದು ಬರುತ್ತಾಳೆ.