ಅಂಚು ಮಡಚದ ಒಂದು ಗೇಣು ತಗಡು

ಮಕ್ಕಳೇ, ನಿಮ್ಮ ಚಿಕ್ಕತಾತನ ಬಲಗೈಯಲ್ಲಿ ಎರಡು ಬೆರಳು ಯಾಕಿಲ್ಲ ಎಂದು ನೀವು ಕೇಳಿದಾಗಲೆಲ್ಲ ಮನೆಯವರು ಫ್ಯಾಕ್ಟರಿ ಮಿಷಿನ್ನಿಗೆ ಸಿಕ್ಕಿ ಹೋದವು ಎನ್ನುತ್ತಾರೆ. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ. ನಾಲ್ಕು ಜನರ ಎದುರು ಮಾತಾಡಲು ನನಗೆ ಮೊದಲಿನಿಂದಲೂ ನಾಚಿಕೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಬೆರಳುಗಳನ್ನು ತೆಗೆದದ್ದು ನೀವು ಹತ್ತಿ ಆಡುವ ಇಲಿ ಸೈಕಲ್ಲು. ಅದನ್ನು ಕಟ್ಟಿದವಳು ನಾನು.

ನಿಮ್ಮ ತಾತ ತಗಡಿನ ಕೆಲಸದವರು. ನರಸಾಪುರದ ಹತ್ತಿರ ನಮ್ಮ ಮನೆಯ ಜಗುಲಿಯ ಮೇಲೇ ಟ್ರಂಕು, ರಾಗಿ ಡಬ್ಬ ಎಲ್ಲ ಬಡಿಯುತ್ತಿದ್ದರು. ನಾನು ಎದುರು ಕೂತು ತಗಡು ಹಿಡಿಯುತ್ತಿದ್ದೆ. ಕತ್ತರಿಸಿದ ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಅದರೊಳಗೆ ತಂತಿ ಇಟ್ಟು, ಅಂಚು ಮಡಚಿ, ಮರದ ಕೊಡತಿಯಿಂದ ತಟ್ಟಿ ಮುಚ್ಚಬೇಕು. ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡದೆ ಅವರು ಯಾವ ಸಾಮಾನನ್ನೂ ಜಗುಲಿ ಇಳಿಸುತ್ತಿರಲಿಲ್ಲ. ಒಮ್ಮೆ ಅವರು ಊರಲ್ಲಿಲ್ಲದಾಗ ನಾನು ಮಡಚಿ ಕೊಟ್ಟ ಮುಚ್ಚಳ ಬಾಯಿ ಬಿಟ್ಟುಕೊಂಡು, ಕೊಂಡವರ ಮಗುವಿನ ಅಂಗೈ ಸೀಳಿತು. ನಿಮ್ಮ ತಾತ ಊರಿಗೆ ಬಂದವರೇ ಕೊಡತಿಯಿಂದ ನನ್ನ ಬೆನ್ನಿಗೆ ಹೊಡೆದರು. ಅವರು ಕೈ ಎತ್ತಿದ್ದು ಅದೊಂದೇ ಸಲವಲ್ಲ. ಆದರೆ ಆ ಒಂದು ಏಟನ್ನು ಮಾತ್ರ ನಾನು ಒಪ್ಪಿಕೊಂಡೆ.

ಅವರು ತೀರಿಹೋದ ಮೇಲೆ ಉಳಿದದ್ದು ಅವರ ಕತ್ತರಿ, ಕೊಡತಿ, ಹಳೇ ಸೈಕಲ್ಲು. ಪ್ಲಾಸ್ಟಿಕ್ ಬಂದಮೇಲೆ ತಗಡಿನ ಡಬ್ಬ ಕೇಳುವವರಿಲ್ಲ. ಬೆಳಗಿನ ಶಿಫ್ಟಿಗೆ ಕಂಪನಿ ಬಸ್ಸಿಂದ ಇಳಿಯುವ ಹೆಣ್ಣುಮಕ್ಕಳಿಗೆ ಫ್ಯಾಕ್ಟರಿ ಗೇಟಿನ ಹತ್ತಿರ ಬಿಸಿ ಇಡ್ಲಿ ಕೊಟ್ಟರೆ ಯಾರ ಕೈಯನ್ನೂ ನೋಡದೆ ಬದುಕಬಹುದು ಅನಿಸಿತು. ಬುಟ್ಟಿಯಲ್ಲಿ ಹೊತ್ತರೆ ಆರುತ್ತದೆ, ಧೂಳು ಬೀಳುತ್ತದೆ. ಸೈಕಲ್ಲಿಗೇ ತಗಡಿನ ಮೈ ಕಟ್ಟಲು ಕೂತೆ.

ಸೈಕಲ್ ಶಾಪಿನ ಸಾಹೇಬರು ಹಿಂದಿನ ಚೌಕಟ್ಟನ್ನು ಉದ್ದ ಮಾಡಿ ಬೆಸೆದುಕೊಟ್ಟರು. ಎಣ್ಣೆ ಡಬ್ಬಗಳನ್ನು ಕತ್ತರಿಸಿ, ಚಪ್ಪಟೆ ಮಾಡಿ, ಹಿಂದೆ ಮುಚ್ಚಳದ ಪೆಟ್ಟಿಗೆ ಕಟ್ಟಿದೆ. ಮುಂಭಾಗದ ತಗಡನ್ನು ರುಬ್ಬುವ ಒರಳಿನ ಗುಂಡಿಯೊಳಗೆ ಇಟ್ಟು ಬಡಿದು ಉಬ್ಬಿಸಿದೆ. ಅದು ತಾನಾಗೇ ಇಲಿ ಮೂತಿಯ ಹಾಗೆ ಚೂಪಾಯಿತು. ನನ್ನ ತವರು ಕುರುಡುಮಲೆಯ ಪಕ್ಕ, ಅಲ್ಲಿನ ಗುಡಿಯಲ್ಲಿ ಗಣಪತಿಯ ಇಲಿ ನೋಡಿಕೊಂಡೇ ಬೆಳೆದವಳು. ಎರಡು ಡಬ್ಬದ ಮುಚ್ಚಳ ತಂದು ಕಿವಿ ಹಚ್ಚಿದೆ.

ಮೊದಲ ದಿನ ಬೆಳಿಗ್ಗೆ ಹೊರಡುವಾಗ ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಬಾಗಿಲಿಗೆ ಬಂದ. ಅವನೂ ಫ್ಯಾಕ್ಟರಿಯ ಕೆಲಸದವನು.

"ಎಲ್ಲಿಗೆ ಅತ್ತಿಗೆ ಮೆರವಣಿಗೆ?"

"ಗೇಟಿನತ್ರ ಇಡ್ಲಿ ಮಾರೋಕೆ ಹೋಗ್ತೀನಿ."

"ಥೂ! ನಾನು ಕೆಲಸ ಮಾಡೋ ಗೇಟಿಗೆ ಇಲಿ ಹತ್ಕೊಂಡು ಬರ್ತಾಳಂತೆ! ಸೈಕಲ್ಲು ನಮ್ಮಣ್ಣಂದು ಕಣೇ. ಅವನಿಲ್ಲ ಅಂದ್ರೆ ನಂದು. ನೀನು ಗಂಟು ಕಟ್ಕೊಂಡು ತವರಿಗೆ ನಡಿ."

ನಾನು ಹ್ಯಾಂಡಲ್ ಬಿಡಲಿಲ್ಲ. ಕೆನ್ನೆಗೆ ಬಿಗಿದ. ಒರಳಿನ ಮೇಲೆ ಬಿದ್ದೆ, ತುಟಿ ಒಡೆದು ಹಲ್ಲೊಂದು ಬಾಯಿಗೆ ಬಂತು. ಅವನು ಪೆಟ್ಟಿಗೆಯ ಅಡಿಗೆ ಬಲಗೈ ಹಾಕಿ ಸೈಕಲ್ಲನ್ನು ಎತ್ತಿ ಮಗುಚಿದ. ಮಣ್ಣಲ್ಲಿ ಇಡ್ಲಿ ಉರುಳಿದವು. ಮೂತಿ, ಕಿವಿ ಎಲ್ಲ ಚಪ್ಪಟೆಯಾಗುವವರೆಗೂ ತುಳಿದ.

"ಇನ್ನೊಂದ್ಸಲ ಕಟ್ಟು. ಇನ್ನೊಂದ್ಸಲ ತುಳೀತೀನಿ."

ಮತ್ತೆ ಕಟ್ಟಿದೆ. ಒರಳಿನಲ್ಲಿ ಮೂತಿ ಬಡಿಯುವಾಗ ಬಡಿದದ್ದೆಲ್ಲ ಅವನ ಮುಖವನ್ನೇ. ಪೆಟ್ಟಿಗೆಯ ಅಡಿ ಅವನು ಹಿಡಿದ ಜಾಗ ಗೊತ್ತಾಗುತ್ತಿತ್ತು, ಅಲ್ಲಿ ತಗಡು ತಗ್ಗಾಗಿತ್ತು. ಆ ತುಂಡು ತೆಗೆದು ಹೊಸದು ಹಾಕಿದೆ. ಉಳಿದ ಅಂಚೆಲ್ಲ ತಂತಿ ಸುತ್ತಿ ಮಡಚಿದೆ. ಅಲ್ಲಿ ಮಾತ್ರ, ಒಂದು ಗೇಣು, ಮಡಚಲಿಲ್ಲ.

ಚೈನ್ ಬಿಗಿ ಮಾಡಲು ಬಗ್ಗಿದ ಸಾಹೇಬರ ಕಣ್ಣಿಗೆ ಅದು ಬಿತ್ತು. "ಅಕ್ಕಾ, ಇಲ್ಲಿ ಮಡಚೋದು ಮರ್ತ್ಬಿಟ್ರಲ್ಲ."

"ಮರ್ತಿಲ್ಲ ಭಾಯ್."

ಅವರು ನನ್ನ ಊದಿದ ತುಟಿ ನೋಡಿದರು. ಮತ್ತೆ ಚೈನಿನ ಕಡೆ ಬಗ್ಗಿದರು.

ಮೈದುನ ಹೇಳಿದಂತೆಯೇ ಬಂದ. ಪೆಟ್ಟಿಗೆಯಲ್ಲಿ ಇಡ್ಲಿ, ಚಟ್ನಿ, ನೀರಿನ ಕೊಡ, ಎಲ್ಲ ತುಂಬಿತ್ತು. "ಏನ್ ಕೊಬ್ಬೇ ನಿಂಗೆ!" ಎನ್ನುತ್ತಾ ಬಗ್ಗಿದ. ಅಲ್ಲಿ ಹಿಡೀಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವತ್ತು ಬಾಯಿ ಕಟ್ಟಿದ್ದು ನಾಚಿಕೆಯಲ್ಲ. ಅವನು ಒಂದೇ ರಭಸಕ್ಕೆ ಎತ್ತಿದ, ಅಷ್ಟೂ ಭಾರ ಆ ಅಂಚಿನ ಮೇಲೆ ಕೂತು ಅವನ ಬೆರಳ ಮೇಲೆ ಜಾರಿತು. ಸೈಕಲ್ಲು ನಿಂತೇ ಇತ್ತು. ಅವನು ಕೈಯನ್ನು ಮುಖದ ಎದುರು ಹಿಡಿದು ನೋಡುತ್ತಿದ್ದ. ಒಂದು ಬೆರಳು ತೊಗಲಿಗೆ ನೇತಾಡುತ್ತಿತ್ತು, ಇನ್ನೊಂದರಲ್ಲಿ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಕೂಗು ಆಮೇಲೆ ಬಂತು.

ಸೆರಗು ಹರಿದು ಕೈ ಕಟ್ಟಿದೆ. ಹತ್ತಿರದಲ್ಲಿ ಆಟೋ ಇರಲಿಲ್ಲ. ಅದೇ ಪೆಟ್ಟಿಗೆಯ ಮೇಲೆ ಕೂರಿಸಿ ಆಸ್ಪತ್ರೆಯವರೆಗೂ ತಳ್ಳಿಕೊಂಡು ಓಡಿದೆ. ದಾರಿಯುದ್ದಕ್ಕೂ ಎಡಗೈಯಲ್ಲಿ ನನ್ನ ಭುಜ ಹಿಡಿದುಕೊಂಡು "ಬಿಡಬೇಡ ಅತ್ತಿಗೆ, ಬಿಡಬೇಡ" ಎನ್ನುತ್ತಿದ್ದ. ನಾನು ಬಿಡಲಿಲ್ಲ. ಪಾಪ ಅನಿಸಲೂ ಇಲ್ಲ. ನಿಮಗೆ ಸುಳ್ಳು ಬರೆಯಬಾರದು.

ಡಾಕ್ಟರು ಎರಡನ್ನೂ ತೆಗೆದರು. ಮಿಷಿನ್ನಿಗೆ ಸಿಕ್ಕಿತು ಎಂದು ಮೊದಲು ಹೇಳಿದವನು ಅವನೇ. ಅತ್ತಿಗೆಯ ಇಡ್ಲಿ ಪೆಟ್ಟಿಗೆ ಕತ್ತರಿಸಿತು ಎಂದು ಯಾರೆದುರು ಹೇಳಿಯಾನು? ಸೈಕಲ್ಲು ತನ್ನದೆಂಬ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ಗೇಟಿನಲ್ಲಿ ನನ್ನ ಹತ್ತಿರ ತಿಂಡಿ ತಿನ್ನುತ್ತಾನೆ, ಪೆಟ್ಟಿಗೆಯಿಂದ ಒಂದು ಮಾರು ದೂರ ನಿಂತು.

ಆಸ್ಪತ್ರೆಯಿಂದ ಬಂದ ಸಂಜೆಯೇ ರಕ್ತ ತೊಳೆದು, ಆ ಒಂದು ಗೇಣಿಗೂ ತಂತಿ ಇಟ್ಟು ಮಡಚಿದೆ. ಹೆಬ್ಬೆರಳು ಎಳೆದು ನೋಡಿದೆ. ಈಗಲೂ ನೀವು ರಜಕ್ಕೆ ಬರುವ ಮೊದಲು ಒಮ್ಮೆ ಎಳೆದು ನೋಡುತ್ತೇನೆ.