ಬೆಳಗಿನ ತಿಂಡಿಗೆ ಮೂರು ಹೆಸರು

ಕೊಲ್ಲಿ ದೇಶದ ದುಕ್ಮ್ ಬಂದರಿನ ಕಾರ್ಮಿಕರ ಕ್ಯಾಂಪ್ ಕ್ಲಿನಿಕ್ಕಿನಲ್ಲಿ ಹಿಲ್ಡಾ ಮಿನೇಜಸ್ ಒಂಬತ್ತು ವರ್ಷದಿಂದ ನರ್ಸ್. ಊರು ಕಲ್ಯಾಣಪುರ, ಮನೆಮಾತು ಕೊಂಕಣಿ. ಅವರು ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಕ್ಯಾಂಪಿನವರು ಹೊಗಳುತ್ತಾರೆ. ಹಿಲ್ಡಾ ನಾಚಿಕೊಳ್ಳುವವರಲ್ಲ. "ಹೌದು, ನನ್ನ ಕೈ ಒಳ್ಳೇದುಂಟು" ಎನ್ನುತ್ತಾರೆ.

ಕಳೆದ ವರ್ಷ ಹೊಸ ಕಾಮಗಾರಿಗೆ ಬ್ರೆಜಿಲ್, ಪೋರ್ಚುಗಲ್, ಮೊಜಾಂಬಿಕ್‌ಗಳಿಂದ ಜನ ಬಂದರು. ಎಲ್ಲರೂ ಆಡುವುದು ಪೋರ್ಚುಗೀಸ್. ಇಂಗ್ಲಿಷ್ ಬಾರದ ರೋಗಿ ಬಂದರೆ, ಆಫೀಸಿನಲ್ಲಿದ್ದ ಬ್ರೆಜಿಲ್‌ನ ವಿಕ್ಟೋರಿಯಾ ಫೋನಿನಲ್ಲೇ ಮಾತು ದಾಟಿಸುತ್ತಿದ್ದಳು.

ಅರ್ಮಾಂಡೊ ಎಂಬ ಮೊಜಾಂಬಿಕ್‌ನ ಕ್ರೇನ್ ಚಾಲಕ ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಬಂದ. ತಿಂಡಿಯಾಗಿದೆಯೇ ಎಂದು ವಿಕ್ಟೋರಿಯಾ ಕೇಳಿದಳು. ಇಲ್ಲ ಎಂದ. ಸಕ್ಕರೆ ಅಂಶ ಏರಿತ್ತು. ವಾರ ಬಿಟ್ಟು ಪುನಃ ನೋಡಿದರೂ ಅದೇ ಕತೆ.

"ಈ ಸಲವೂ ಜಾಸ್ತಿಯೇ ಉಂಟು ಸಿಸ್ಟರ್" ಎಂದರು ಉಳ್ಳಾಲದ ಡಾಕ್ಟರ್ ಉಸ್ಮಾನ್. "ಮಾತ್ರೆ ಶುರು ಮಾಡುವ. ಸದ್ಯಕ್ಕೆ ಇವನನ್ನು ಕ್ರೇನಿಂದ ಇಳಿಸ್ಬೇಕಾಗ್ತದೆ."

ಅಷ್ಟರಲ್ಲಿ ಅರ್ಮಾಂಡೊನ ಅಂಗಿಯ ಜೇಬಿನ ಮೇಲಿದ್ದ ಬ್ರೆಡ್ಡಿನ ಪುಡಿ ಹಿಲ್ಡಾರ ಕಣ್ಣಿಗೆ ಬಿತ್ತು.

"ಒಂದು ನಿಮಿಷ ಡಾಕ್ಟ್ರೇ. ಇವ ಸುಳ್ಳು ಹೇಳುವ ಜನ ಅಲ್ಲ. ಆದ್ರೆ ಏನೋ ತಿಂದಿದ್ದಾನೆ."

ಅವರು ಕೈಯನ್ನು ಬಾಯಿಗೊಯ್ದು ತೋರಿಸಿದರು. ಅರ್ಮಾಂಡೊ ಕೂಡಲೇ ಹೌದೆಂದು ತಲೆಯಾಡಿಸಿದ. "ಮಾತಾಬೀಶು! ಶಾ, ಪಾಂವ್, ಅಸೂಕರ್."

ಹಿಲ್ಡಾರ ಕಿವಿ ನೆಟ್ಟಗಾಯಿತು. ಕೊಂಕಣಿಯಲ್ಲಿ ಚಾ, ಪಾಂವ್, ಸಾಕರ್. ಚಹಾ, ಬ್ರೆಡ್ಡು, ಸಕ್ಕರೆ! ಪರದೇಶದವನ ಬಾಯಲ್ಲಿ ತಮ್ಮ ಅಡುಗೆಮನೆಯ ಮಾತು.

ತಕ್ಷಣ ವಿಕ್ಟೋರಿಯಾಳಿಗೆ ಫೋನ್ ಮಾಡಿದರು. "ನೀನು ಅವನನ್ನು ಕೇಳಿದ್ದು ಏನು?"

"ಕಾಫಿ ಆಯ್ತಾ ಅಂತ. ನಮ್ಮಲ್ಲಿ ತಿಂಡಿಯನ್ನು ಕೇಳುವುದೇ ಹಾಗೆ."

"ಅವ ಕುಡಿದದ್ದು ಚಾ, ಕಾಫಿಯಲ್ಲ ಮಾರಾಯ್ತಿ! ಅದಕ್ಕೇ ಇಲ್ಲ ಅಂದದ್ದು."

"ಹಾಗಾದರೆ ನನ್ನ ಪೋರ್ಚುಗೀಸೇ ತಪ್ಪಾ?" ಎಂದಳು ವಿಕ್ಟೋರಿಯಾ, ಸಣ್ಣ ದನಿಯಲ್ಲಿ.

"ನಿನ್ನದೂ ಸರಿ, ಅವನದ್ದೂ ಸರಿ. ಊರು ಬೇರೆ, ಅಷ್ಟೆ."

ಮಾರನೆಯ ದಿನ ಅರ್ಮಾಂಡೊ ನಿಜಕ್ಕೂ ಖಾಲಿ ಹೊಟ್ಟೆಯಲ್ಲಿ ಬಂದ. ಸಕ್ಕರೆ ಸರಿಯಾಗಿಯೇ ಇತ್ತು. ಫಲಿತಾಂಶ ಕೇಳಿ ಅವನು ಹಿಲ್ಡಾರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆ ಮಧ್ಯಾಹ್ನವೇ ಕ್ರೇನ್ ಹತ್ತಿದ.

ಹಿಲ್ಡಾ ಅಲ್ಲಿಗೇ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಪುಸ್ತಕ ಹಿಡಿದು ಕ್ಯಾಂಟೀನಿನಲ್ಲಿ ಕುಳಿತು, ಮೂರೂ ದೇಶದವರನ್ನು ಕೇಳಿ ಬರೆದುಕೊಂಡರು. ತಿಂಡಿಗೆ ಪೋರ್ಚುಗಲ್‌ನವರು ‘ಸಣ್ಣ ಊಟ’ ಎನ್ನುತ್ತಾರೆ, ಬ್ರೆಜಿಲ್‌ನವರು ‘ಬೆಳಗಿನ ಕಾಫಿ’, ಮೊಜಾಂಬಿಕ್‌ನವರು ‘ಮಾತಾಬೀಶು’, ಅಂದರೆ ‘ಹುಳ ಕೊಲ್ಲುವುದು’. ‘ಕೊನ್ಸ್ಟಿಪಾದು’ ಎಂದು ಪೋರ್ಚುಗಲ್‌ನವನು ನರಳಿದರೆ ಅವನಿಗೆ ನೆಗಡಿ, ಬ್ರೆಜಿಲ್‌ನವನಿಗಾದರೆ ಮಲಬದ್ಧತೆ. ಇದನ್ನು ಓದಿದ ಡಾಕ್ಟರ್ ಉಸ್ಮಾನ್ ಹಣೆ ಚಚ್ಚಿಕೊಂಡು ನಕ್ಕರು. "ನೆಗಡಿಯವನಿಗೆ ಭೇದಿ ಮಾತ್ರೆ ಕೊಡ್ತಿದ್ದೆನಲ್ಲ ಸಿಸ್ಟರ್!"

ವಿಕ್ಟೋರಿಯಾ ಆ ಪಟ್ಟಿಯನ್ನು ತಿದ್ದಿ ಟೈಪ್ ಮಾಡಿದಳು. ಈಗ ದುಕ್ಮ್‌ನ ಇನ್ನೂ ನಾಲ್ಕು ಕ್ಯಾಂಪುಗಳ ಕ್ಲಿನಿಕ್ ಗೋಡೆಯ ಮೇಲೆ ಅದು ಇದೆ. ಅದರ ಕೆಳಗೆ ಹಿಲ್ಡಾರ ಹೆಸರು ಹಾಕುವುದೋ ಬೇಡವೋ ಎಂದು ಆಫೀಸಿನವರು ಕೇಳಿದ್ದರು.

"ಹಾಕಿ, ದೊಡ್ಡ ಅಕ್ಷರದಲ್ಲಿ" ಎಂದಿದ್ದರು ಹಿಲ್ಡಾ.