ಹುಳುಮನೆಯ ಬಲ್ಬು

ದೆವ್ವ, ಗಾಳಿ ಎಂದರೆ ನನಗೆ ನಗು ಬರುತ್ತಿತ್ತು. ನಾನು ವೈರ್‌ಮನ್. ದೀಪ ತಾನಾಗಿ ಆರುತ್ತದೆ, ಮನೆಯಲ್ಲಿ ಏನೋ ಸೇರಿಕೊಂಡಿದೆ ಎಂದು ಶಿಡ್ಲಘಟ್ಟದ ಸುತ್ತಮುತ್ತ ಯಾರು ಕರೆದರೂ ಹೋಗಿ, ಇಲಿ ಕಡಿದ ವೈರನ್ನು ಅವರ ಮುಖದ ಮುಂದೆ ಹಿಡಿದು, ಇಗೋ ನಿಮ್ಮ ದೆವ್ವ ಎಂದು ತೋರಿಸಿ ಬರುತ್ತಿದ್ದೆ. ಆ ಜಂಬ ಈಗಿಲ್ಲ. ಮುಂದಿನದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ತೊಂಬತ್ತರ ದಶಕದ ಮಾತು. ಜಂಗಮಕೋಟೆಯಲ್ಲಿ ನಮ್ಮ ಚಿಕ್ಕಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಒಮ್ಮೆ ಹುಳುಮನೆಯಲ್ಲಿ ಚಿಕ್ಕಪ್ಪನಿಗೆ ಶಾಕ್ ಹೊಡೆಯಿತು, ಪುಣ್ಯಕ್ಕೆ ಸೊಪ್ಪಿನ ರಾಶಿಯ ಮೇಲೆ ಬಿದ್ದರು. ಆಮೇಲೆ ನಾನೇ ಒಂದು ಟ್ರಿಪ್ ಸ್ವಿಚ್ ಹಾಕಿಕೊಟ್ಟೆ. ಕರೆಂಟು ಎಲ್ಲಾದರೂ ಸೋರಿದರೆ ಥಟ್ಟನೆ ಬಿದ್ದು ಲೈನ್ ಕಡಿಯುವ ಪೆಟ್ಟಿಗೆ ಅದು. ಚಿಕ್ಕಪ್ಪ ಅಂದಿನಿಂದ ಪೆಟ್ಟಿಗೆ, ಸ್ವಿಚ್ಚುಗಳಿದ್ದ ಗೋಡೆಯ ಕಡೆಗೇ ಸುಳಿಯುತ್ತಿರಲಿಲ್ಲ.

ಒಂದು ಸಂಜೆ ಚಿಕ್ಕಮ್ಮ ಹೇಳಿಕಳಿಸಿದರು. ಹುಳು ಹಣ್ಣಾಗಿವೆ, ಹುಳುಮನೆಯ ದೀಪ ಹಾಕಿದರೆ ಸಾಕು ಪೆಟ್ಟಿಗೆ ಬೀಳುತ್ತದೆ. ಹಣ್ಣಾಗಿ ಗೂಡು ಕಟ್ಟಲು ಹೊರಟ ಹುಳುಗಳನ್ನು ಅಂದೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಇಲ್ಲದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಇಡೀ ಬೆಳೆ ಹಾಳು. ಲಾಟೀನು ಹಚ್ಚೋಣವೆಂದರೆ ಸೀಮೆಎಣ್ಣೆಯ ವಾಸನೆ ಹುಳುವಿಗೆ ಆಗದು.

ಕೊಟ್ಟ ಕಾಫಿ ಆರುವುದರೊಳಗೆ ಮುಗಿಸುತ್ತೇನೆ ಎಂದೆ. ಎಲ್ಲ ಸ್ವಿಚ್ ಆರಿಸಿ, ಪೆಟ್ಟಿಗೆಯ ಕಡ್ಡಿ ಎತ್ತಿ, ಒಂದೊಂದಾಗಿ ಹಾಕುತ್ತ ಬಂದೆ. ನಡುಮನೆ ಸರಿ, ಅಡುಗೆಮನೆ ಸರಿ, ಹುಳುಮನೆಗೆ ಥಟ್! ಬಲ್ಬು ಬದಲಿಸಿದೆ, ಥಟ್. ಹೋಲ್ಡರ್ ಬದಲಿಸಿದೆ, ಥಟ್. ಕಾಫಿ ಆರಿ ಕೆನೆ ಕಟ್ಟಿತು. ಕೊನೆಗೆ ಸಿಟ್ಟು ಬಂದು, ಜಗಲಿಯ ಜಂಕ್ಷನ್ ಬಾಕ್ಸಿನಲ್ಲಿ ಹುಳುಮನೆಗೆ ಹೋಗುವ ಎರಡು ವೈರನ್ನೂ ಕತ್ತರಿಸಿ, ತುದಿಗಳಿಗೆ ಟೇಪು ಸುತ್ತಿದೆ. ಕಡ್ಡಿ ನಿಂತಿತು. ದೋಷ ಆ ವೈರಿನಲ್ಲೇ ಎಂದಾಯಿತು. ಹೊಸ ವೈರು ಬೇಕು, ಅಂಗಡಿ ಶಿಡ್ಲಘಟ್ಟದಲ್ಲಿ, ಬಸ್ಸು ಬೆಳಿಗ್ಗೆಗೆ.

"ತಿಂಗಳೆಲ್ಲ ಸೊಪ್ಪು ಹೊತ್ತೀವಿ ಕಣೋ. ಆ ಪೆಟ್ಟಿಗೆ ಕಿತ್ತಾಕಿ ಡೈರೆಕ್ಟ್ ಕೊಡು" ಎಂದರು ಚಿಕ್ಕಮ್ಮ.

ನೆಲವೆಲ್ಲ ಒದ್ದೆ, ಎಲ್ಲರೂ ಬರಿಗಾಲು. ಬೆಳೆ ಹೋದರೆ ಇನ್ನೊಂದು ಬೆಳೆ ಬರುತ್ತದೆ, ಚಿಕ್ಕಪ್ಪ ಬರುವುದಿಲ್ಲ ಎಂದೆ. ಆ ಮಾತನ್ನು ಚಿಕ್ಕಮ್ಮ ಸ್ವಲ್ಪ ಹೊತ್ತು ತೂಗಿ ನೋಡಿದಂತೆ ಕಂಡಿತು. ಚಿಕ್ಕಪ್ಪ ಹುಳುಮನೆಯ ಒಳಗೆ ಹೋಗಿ ಕತ್ತಲೆಯಲ್ಲೇ ತಡಕಾಡತೊಡಗಿದರು. ಹುಳು ಆರಿಸಲು ಬಂದಿದ್ದ ಅಕ್ಕಪಕ್ಕದ ಹೆಂಗಸರೂ ಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡು ಚಿಕ್ಕಮ್ಮ ಕೊನೆಗೆ ಹೋದರು. ಅದನ್ನು ನೋಡಲಾಗದೆ ನಾನು ಅಂಗಳಕ್ಕೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬೆಳಕು ಬಿತ್ತು. ತಿರುಗಿ ನೋಡಿದರೆ ಹುಳುಮನೆಯ ಬಲ್ಬು ಜಗಜಗ ಉರಿಯುತ್ತಿದೆ. ಯಾರೋ ನನ್ನ ಮಾತು ಮೀರಿ ವೈರು ಜೋಡಿಸಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಬೈಯಲು ಒಳಗೆ ಹೋದವನ ಕೈಗೆ ಚಿಕ್ಕಮ್ಮ ತಟ್ಟೆ ಕೊಟ್ಟರು. ಪೆಟ್ಟಿಗೆಯ ಕಡ್ಡಿ ನಿಂತೇ ಇದ್ದುದರಿಂದ ಬೈಗುಳ ನುಂಗಿಕೊಂಡು ನಾನೂ ಹುಳು ಆರಿಸಿದೆ. ಕೊನೆಯ ಹುಳು ಚಂದ್ರಿಕೆ ಸೇರುವವರೆಗೆ ಕಡ್ಡಿ ಅಲುಗಲಿಲ್ಲ.

ಕೆಲಸ ಮುಗಿದ ಮೇಲೆ ಯಾರು ಜೋಡಿಸಿದ್ದು ಎಂದು ಕೇಳಿದೆ. ನೀನೇ ಅಲ್ಲವಾ ಎಂದು ಎಲ್ಲರೂ ನನ್ನನ್ನೇ ನೋಡಿದರು. ಜಗಲಿಗೆ ಬಂದು ಬಾಕ್ಸ್ ತೆಗೆದೆ. ಕತ್ತರಿಸಿದ ತುದಿಗಳು ನಾನು ಸುತ್ತಿದ ಟೇಪಿನಲ್ಲೇ ಹಾಗೇ ಇದ್ದವು. ಬಾಗಿಲಾಚೆ ಬಲ್ಬು ಉರಿಯುತ್ತಲೇ ಇತ್ತು. ಅಲ್ಲಿಗೆ ಬೇರೆ ವೈರೇ ಇಲ್ಲ, ಎಳೆದವನೇ ನಾನು.

ಪೆಟ್ಟಿಗೆಯ ಕಡ್ಡಿ ಇಳಿಸಿದೆ. ಮನೆಯೆಲ್ಲ ಕತ್ತಲೆ. ಮತ್ತೆ ಎತ್ತಿದೆ. ನಡುಮನೆ ಹತ್ತಿತು, ಅಡುಗೆಮನೆ ಹತ್ತಿತು. ಹುಳುಮನೆ ಹತ್ತಲಿಲ್ಲ. ಸ್ವಿಚ್ಚನ್ನು ಎಷ್ಟು ಸಲ ಒತ್ತಿದೆನೋ!

"ಹುಳಕ್ಕೆ ಬೆಳಕು ಬೇಕಾಗಿತ್ತು, ಬಂತು. ಈಗ ಯಾಕಪ್ಪ ನಿಂಗೆ? ಬಾ, ಮುದ್ದೆ ಆರ್ತದೆ" ಎಂದರು ಚಿಕ್ಕಮ್ಮ.

ವೈರಿಲ್ಲದ ಬಲ್ಬು ಹತ್ತಲಿಲ್ಲವಲ್ಲ ಎಂದು ಬೆವತುಹೋದ ವೈರ್‌ಮನ್ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.